ಎಣಿಕೆ ಮತ್ತು ಹಕ್ಕು: ರಾಯದುರ್ಗ–ಮಡಕಶಿರಾ ಕನ್ನಡಿಗರ ಕಾನೂನು ಸ್ಥಾನಮಾನದ ದಾಖಲೆಗಳು

ಬೊಮ್ಮನಹಾಳ್, ರಾಯದುರ್ಗ ಹಾಗೂ ಮಡಕಶಿರಾ ಭಾಗದ ಕನ್ನಡಿಗರನ್ನು ಇಂದಿನ ಕಾನೂನು ‘ಭಾಷಾ ಅಲ್ಪಸಂಖ್ಯಾತರು’ ಎಂದು ಕರೆಯುತ್ತದೆ. ಈ ಸ್ಥಾನಮಾನ ಎಲ್ಲರಿಗೂ ಒಂದೇ ಆದರೂ ಅದು ಒದಗಿದ ದಾರಿ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಅರಿಯದೆ ಕಡತಗಳನ್ನು ಹುಡುಕುವವರಿಗೆ ಅರ್ಧ ಚರಿತ್ರೆ ಮಾತ್ರ ದೊರೆಯುತ್ತದೆ.

1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ‘ದತ್ತಮಂಡಲ’ದೊಳಗೆ ಈ ನೆಲವೆಲ್ಲ ಸೇರಿತ್ತು. 1808ರಲ್ಲಿ ಆ ಪ್ರಾಂತವು ಬಳ್ಳಾರಿ ಮತ್ತು ಕಡಪ ಜಿಲ್ಲೆಗಳಾಗಿ ಒಡೆಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರ್ಪಟ್ಟಾಗ ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. ಎರಡೂ ಮದ್ರಾಸ್ ಪ್ರಾಂತದೊಳಗೇ ಇದ್ದುದರಿಂದ ಅಂದು ಇದು ಕೇವಲ ಆಡಳಿತದ ಅನುಕೂಲವೆನಿಸಿತು. ಅದರ ಪರಿಣಾಮ ತಿಳಿದುದು ಎಪ್ಪತ್ತು ವರ್ಷಗಳ ಅನಂತರ.

1953ರಲ್ಲಿ ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಹಂಚಿಕೆ ವಿವಾದದ ವಿಷಯವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು; ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಪ್ರತ್ಯೇಕವಾಗಿ ವಿಚಾರಿಸಿದರು, ಅದು ಮೈಸೂರಿಗೆ ಸೇರಿತು. ಅಕ್ಟೋಬರ್ 1ರಂದು ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು. ಆಂಧ್ರ ರಾಜ್ಯ ಅಧಿನಿಯಮದಲ್ಲಿ ರಾಯದುರ್ಗದ ಹೆಸರು ಬಳ್ಳಾರಿಯಿಂದ ಬೇರ್ಪಟ್ಟ ತಾಲ್ಲೂಕೆಂದು ಬಂದಿದೆ. ಮಡಕಶಿರಾ ಇಡೀ ಅನಂತಪುರ ಜಿಲ್ಲೆಯೊಡನೆ ಸಾಗಿತು; ಅದನ್ನು ಬೇರೆಯಾಗಿ ಹೆಸರಿಸುವ ಸಂದರ್ಭವೇ ಒದಗಲಿಲ್ಲ. ಒಂದೆಡೆ ವಾದ ನಡೆದು ತೀರ್ಮಾನವಾಯಿತು. ಇನ್ನೊಂದೆಡೆ 1882ರ ಗೆರೆಯೇ ತೀರ್ಮಾನವಾಗಿ ಉಳಿಯಿತು.

ಗಡಿ ಸ್ಥಿರವಾದ ಬಳಿಕ ಪ್ರಶ್ನೆ ನೆಲದಿಂದ ನುಡಿಗೆ ತಿರುಗಿತು. 1956ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯವನ್ನು ಕುರಿತದ್ದು. ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ಕುರಿತದ್ದು. ಆದರೆ ಹಕ್ಕಿನ ಕೀಲಿ ಅಂಕಿಗಳಲ್ಲಿತ್ತು. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕನನ್ನು ಒದಗಿಸಬೇಕೆಂದು 1949ರ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿತ್ತು. ಸರಕಾರಿ ಪ್ರಕಟಣೆಗಳನ್ನು ಅಲ್ಪಸಂಖ್ಯಾತರ ಭಾಷೆಯಲ್ಲಿಯೂ ಹೊರಡಿಸಲು, ಆ ಪ್ರದೇಶದ ಜನಸಂಖ್ಯೆಯ ಶೇ. 15–20 ಭಾಗ ಆ ಭಾಷಿಕರಿರಬೇಕೆಂಬುದು 1956ರ ಜ್ಞಾಪನ ಪತ್ರದ ಅಳತೆ.

ಎಣಿಕೆಯೊಡನೆ ಹಕ್ಕನ್ನು ಬಿಗಿದ ಕ್ರಮ ಭಾರತಕ್ಕೆ ಮಾತ್ರ ಸೀಮಿತವಲ್ಲ. ಜರ್ಮನಿಯ ಬವೇರಿಯಾದಲ್ಲಿ 1813ರ ಶಾಸನವು ಪ್ರತಿ ಊರಿನ ಯೆಹೂದಿ ಕುಟುಂಬಗಳ ಸಂಖ್ಯೆಯನ್ನು ನೋಂದಣಿ ಪಟ್ಟಿಯಲ್ಲಿ ನಿಗದಿಗೊಳಿಸಿತ್ತು. 1861ರವರೆಗೂ ಆ ಕಟ್ಟು ಉಳಿಯಿತು. ಅಲ್ಲಿ ಅಂಕಿ ಜನರನ್ನು ತಡೆಯುವ ಗೋಡೆ. ಇಲ್ಲಿ ಸೌಕರ್ಯ ಪಡೆಯಲು ದಾಟಬೇಕಾದ ಹೊಸಿಲು. ಉದ್ದೇಶಗಳು ತೀರ ವಿರುದ್ಧವಾದವು. ಆದರೂ ಎರಡು ಕಡೆಯೂ ವ್ಯಕ್ತಿಯ ಸ್ಥಾನವನ್ನು ತಿಳಿಯಲು ಪಟ್ಟಿ ಬರೆದ ಗುಮಾಸ್ತನ ಕೈಬರಹವನ್ನೇ ಓದಬೇಕಾಗುತ್ತದೆ.

ಆದುದರಿಂದಲೇ ಎಣಿಕೆಯ ಘಟಕ ಯಾವುದು ಎಂಬುದು ಗೌಣ ಪ್ರಶ್ನೆಯಲ್ಲ. ಕನ್ನಡಿಗರು ಒತ್ತಾಗಿರುವ ಹಳ್ಳಿಗಳ ಪ್ರಮಾಣವನ್ನು ಇಡೀ ಜಿಲ್ಲೆಗೆ ಹರಡಿದರೆ ಅದು ತೆಳುವಾಗುತ್ತದೆ; ಸಣ್ಣ ಘಟಕದಲ್ಲಿ ಎಣಿಸಿದರೆ ದಟ್ಟವಾಗುತ್ತದೆ. 1985ರಲ್ಲಿ ಆಂಧ್ರಪ್ರದೇಶವು ತಾಲ್ಲೂಕುಗಳ ಬದಲು ಮಂಡಲಗಳನ್ನು ರಚಿಸಿತು. ಅದಕ್ಕೂ ಹಿಂದಿನ ಬೊಮ್ಮನಹಾಳಿನ ಲೆಕ್ಕವನ್ನು ರಾಯದುರ್ಗ ತಾಲ್ಲೂಕಿನ ಕಡತಗಳಲ್ಲಿಯೂ, 1953ಕ್ಕೂ ಹಿಂದಿನದನ್ನು ಬಳ್ಳಾರಿ ಜಿಲ್ಲೆಯ ಕಡತಗಳಲ್ಲಿಯೂ ಅರಸಬೇಕು. 2022ರ ಏಪ್ರಿಲ್ 4ರಂದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ, ಬೊಮ್ಮನಹಾಳ್ ಅನಂತಪುರದಲ್ಲಿ ಉಳಿದವು. 1953ರಲ್ಲಿ ಒಂದೇ ಜಿಲ್ಲೆಯೊಳಗೆ ಕೂಡಿದ್ದ ಎರಡು ಕನ್ನಡ ಪ್ರದೇಶಗಳು ಹೀಗೆ ಮತ್ತೆ ಎರಡು ಲೆಕ್ಕಗಳಾದವು.

ಗಡಿ ಆಯೋಗಗಳ ವರದಿಗಳಿಗೆ ಸಂದಷ್ಟು ಗಮನ ಹಳ್ಳಿಶಾಲೆಗಳ ದಾಖಲಾತಿ ಪುಸ್ತಕಗಳಿಗೂ ಸಲ್ಲಬೇಕಾಗಿದೆ. ಹತ್ತನೆಯ ಮಗುವಿನ ಹೆಸರು ಅಲ್ಲಿ ಬರೆಯಲ್ಪಟ್ಟಿತೇ ಇಲ್ಲವೇ ಎಂಬುದರ ಮೇಲೆ ಒಂದು ಊರಿಗೆ ಕನ್ನಡ ಶಿಕ್ಷಕ ಬರುವುದೂ ಬಾರದಿರುವುದೂ ನಿಂತಿತ್ತು.