ಮನೆ ತೋರಿಸಿದೆವು, ಕನ್ನಡಿ ಮರೆತೆವು
2020ರಲ್ಲಿ ಬೆಳಗಾವಿಯ ಕ್ಯಾಮೆರಾ ಆಕಾರದ ಮನೆಯನ್ನು ನಾವು ಚಾನೆಲ್‌ನವರು ತೋರಿಸಿದ್ದೇ ತೋರಿಸಿದ್ದು. ಆದ್ರೆ ಆ ಮನೆಯ ಛಾಯಾಗ್ರಾಹಕರು ಖಾನಾಪುರದ ಕಡೆ ಫೋಟೊ ತೆಗೆಯುತ್ತಿದ್ದದ್ದು ಪೆಂಟಾಕ್ಸ್, ಆಮೇಲೆ ಝೆನಿಟ್ ಹಿಡಿದು. ಎರಡೂ ಎಸ್‌ಎಲ್‌ಆರ್. ಅಂದ್ರೆ, ಒಳಗೊಂದು ಕನ್ನಡಿ. ಲೆನ್ಸ್ ಕಂಡದ್ದನ್ನೇ ಕಣ್ಣೂ ಕಾಣುತ್ತೆ.

1936ರಲ್ಲಿ ಜರ್ಮನಿಯ ಕಿನೆ ಎಕ್ಸಾಕ್ಟಾ ಇದನ್ನು 35 ಎಂಎಂ ಫಿಲ್ಮಿಗೆ ತಂತು. ತೊಡಕೇನು ಗೊತ್ತಾ? ಕ್ಲಿಕ್ಕಿಸಿದರೆ ಕನ್ನಡಿ ಮೇಲೆದ್ದು, ಮತ್ತೆ ಫಿಲ್ಮ್ ಸುತ್ತುವ ತನಕ ಕಣ್ಣಿಗೆ ಕತ್ತಲು. 1954ರಲ್ಲಿ ಜಪಾನಿನ ಅಸಾಹಿ ಕಂಪನಿ ತಕ್ಷಣ ಕೆಳಗಿಳಿಯುವ ಕನ್ನಡಿ ಕೂರಿಸಿತು; 1957ರಲ್ಲಿ ಅದರದೇ ಪೆಂಟಾಕ್ಸ್ ಬಂತು.

ಆದರೂ ಕ್ಲಿಕ್ಕಿನ ಆ ಕ್ಷಣ ಕತ್ತಲೇ. ಮದುವೆಯ ಧಾರೆ ಸಿಕ್ಕಿತೋ ಇಲ್ಲವೋ, ರೀಲು ತೊಳೆದ ಮೇಲೇ ಗೊತ್ತು. ಆ ಧೈರ್ಯದ ಬಗ್ಗೆ ಕೇಳಬೇಕಿತ್ತು. ನಾವು ಮನೆಯ ಖರ್ಚು ಕೇಳಿ ಬಂದೆವು.