ಸ್ಕೂಬಾ ರೆಗ್ಯುಲೇಟರ್: ಆಯ್ಕೆ ಮತ್ತು ನಿರ್ವಹಣೆ

ಸ್ಕೂಬಾ ಸಿಲಿಂಡರಿನಲ್ಲಿ ಗಾಳಿಯನ್ನು ಸಾಮಾನ್ಯವಾಗಿ 200 ಬಾರ್ ಒತ್ತಡದಲ್ಲಿ ತುಂಬಿಸಲಾಗಿರುತ್ತದೆ. ಅದನ್ನು ನೇರವಾಗಿ ಉಸಿರಾಡಲು ಸಾಧ್ಯವಿಲ್ಲ. ಈ ಒತ್ತಡವನ್ನು ತಗ್ಗಿಸಿ, ಮುಳುಗುಗಾರ ಉಸಿರೆಳೆದಾಗ ಮಾತ್ರ ಗಾಳಿ ಒದಗಿಸುವ ಸಾಧನವೇ ರೆಗ್ಯುಲೇಟರ್. ಫ್ರಾನ್ಸಿನ ಜಾಕ್ ಕೂಸ್ತೊ ಹಾಗೂ ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ 'ಅಕ್ವಾಲಂಗ್' ಇದಕ್ಕೆ ಬುನಾದಿ ಹಾಕಿತು.

ಕಾರ್ಯವಿಧಾನ

ಇಂದಿನ ರೆಗ್ಯುಲೇಟರಿನಲ್ಲಿ ಎರಡು ಹಂತಗಳಿವೆ. ಸಿಲಿಂಡರಿಗೆ ಜೋಡಿಸುವ ಮೊದಲ ಹಂತವು ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು ಅದನ್ನು ಸುತ್ತಲಿನ ಒತ್ತಡಕ್ಕೆ ಸಮನಾಗಿಸುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು 1 ಬಾರ್ ಏರುವುದರಿಂದ ಈ ಹೊಂದಾಣಿಕೆ ಅತ್ಯಗತ್ಯ.

ಆಯ್ಕೆ

ಮೊದಲ ಹಂತದಲ್ಲಿ ಪಿಸ್ಟನ್ ಮತ್ತು ಡಯಾಫ್ರಂ ಎಂಬ ಎರಡು ಬಗೆಗಳಿವೆ. ಪಿಸ್ಟನ್ ಮಾದರಿಯಲ್ಲಿ ಬಿಡಿಭಾಗಗಳು ಕಡಿಮೆ, ದುರಸ್ತಿ ಸುಲಭ. ಡಯಾಫ್ರಂ ಮಾದರಿಯಲ್ಲಿ ಒಳಭಾಗಕ್ಕೆ ಉಪ್ಪು, ಮರಳು ಸೇರುವ ಸಂಭವ ಕಡಿಮೆ. 'ಬ್ಯಾಲೆನ್ಸ್ಡ್' ಮಾದರಿಯಾದರೆ ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದರೂ ಉಸಿರಾಟ ಬಿಗಿಯಾಗುವುದಿಲ್ಲ. 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿಗೆ ವಿಶೇಷ ಮಾದರಿ ಬೇಕು. ಮುರುಡೇಶ್ವರ ಸಮೀಪದ ನೇತ್ರಾಣಿ ದ್ವೀಪದಂತಹ ಬೆಚ್ಚಗಿನ ಸಮುದ್ರಕ್ಕೆ ಆ ಹೆಚ್ಚುವರಿ ಖರ್ಚು ಅನಗತ್ಯ.

ಜೋಡಣೆಯಲ್ಲಿ ಯೋಕ್ ಮತ್ತು ಡಿನ್ ಎಂಬ ಭೇದವಿದೆ. ಯೋಕ್ ಜೋಡಣೆಯ ಮಿತಿ 232 ಬಾರ್. ಡಿನ್ ಜೋಡಣೆ 300 ಬಾರ್‌ವರೆಗಿನ ಸಿಲಿಂಡರುಗಳಿಗೂ ದೊರೆಯುತ್ತದೆ. ಖರೀದಿಗೆ ಮುನ್ನ ಬಿಡಿಭಾಗ ಹಾಗೂ ಸರ್ವೀಸ್ ಹತ್ತಿರದಲ್ಲೇ ಲಭ್ಯವೇ ಎಂಬುದನ್ನು ವಿಚಾರಿಸುವುದು ಲೇಸು.

ನಿರ್ವಹಣೆ

* ಬಳಸಿದ ದಿನವೇ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ಉಪ್ಪು ಒಣಗಿ ಹರಳುಗಟ್ಟಿದರೆ ತೆಗೆಯುವುದು ಕಷ್ಟ.
* ಅದಕ್ಕೂ ಮೊದಲು ಧೂಳುಮುಚ್ಚಳವನ್ನು ಒರೆಸಿ, ಮೊದಲ ಹಂತದ ಬಾಯಿಗೆ ಭದ್ರವಾಗಿ ಮುಚ್ಚಬೇಕು.
* ಸಿಲಿಂಡರಿನಿಂದ ಬೇರ್ಪಡಿಸಿ ತೊಳೆಯುವಾಗ ಪರ್ಜ್ ಗುಂಡಿಯನ್ನು ಒತ್ತಬಾರದು. ಒತ್ತಿದರೆ ಕವಾಟ ತೆರೆದು ನೀರು ಕೊಳವೆಯೊಳಗೆ ನುಗ್ಗುತ್ತದೆ.
* ನೆರಳಿನಲ್ಲಿ ಒಣಗಿಸಿ, ಕೊಳವೆಗಳನ್ನು ಮಡಚದೆ ಸಡಿಲವಾಗಿ ಸುತ್ತಿಡಬೇಕು.
* ತಯಾರಕರು ಸೂಚಿಸಿದ ಅವಧಿಗೆ, ತರಬೇತಿ ಪಡೆದ ತಂತ್ರಜ್ಞರಿಂದಲೇ ಸರ್ವೀಸ್ ಮಾಡಿಸಬೇಕು. ಬಳಸದೆ ಇಟ್ಟರೂ ರಬ್ಬರಿನ ಓ-ರಿಂಗ್‌ಗಳು ಹಳತಾಗುತ್ತವೆ. ಮಳೆಗಾಲದುದ್ದಕ್ಕೂ ಮೂಲೆಯಲ್ಲಿದ್ದ ಸಾಧನವನ್ನು ಪರೀಕ್ಷಿಸದೆ ಕಡಲಿಗೆ ಒಯ್ಯುವುದು ತರವಲ್ಲ.

ನೀರಿಗಿಳಿಯುವ ಮುನ್ನ

ಬಾಡಿಗೆಗೆ ಪಡೆದವರೂ ಎರಡು ಪರೀಕ್ಷೆಗಳನ್ನು ತಾವೇ ಮಾಡಬಹುದು. ಮೌತ್‌ಪೀಸ್ ಹರಿದಿಲ್ಲವೇ, ಕೊಳವೆಗಳ ತುದಿಯಲ್ಲಿ ಬಿರುಕಿಲ್ಲವೇ ಎಂದು ನೋಡುವುದು ಮೊದಲನೆಯದು. ಸಿಲಿಂಡರ್ ತೆರೆದು, ಒತ್ತಡ ಮಾಪಕವನ್ನು ನೋಡುತ್ತಾ ನಾಲ್ಕಾರು ಬಾರಿ ಉಸಿರೆಳೆಯುವುದು ಎರಡನೆಯದು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ ಸಿಲಿಂಡರಿನ ಕವಾಟ ಪೂರ್ಣ ತೆರೆದಿಲ್ಲವೆಂದೇ ಮೊದಲು ಶಂಕಿಸಬೇಕು.

ಇಂದಿನ ಬಹುತೇಕ ರೆಗ್ಯುಲೇಟರುಗಳು ಕೆಟ್ಟಾಗ ಗಾಳಿಯನ್ನು ತಡೆಯುವ ಬದಲು ಎಡೆಬಿಡದೆ ಹೊರಬಿಡುತ್ತವೆ. ಉಸಿರಾಟ ತಕ್ಷಣ ನಿಲ್ಲದಿದ್ದರೂ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ದಡದಲ್ಲಿ ಕಂಡ ಸಣ್ಣ ಸೋರಿಕೆಯನ್ನೂ ಕಡೆಗಣಿಸದೆ, ಆ ಸಾಧನವನ್ನು ಬದಿಗಿರಿಸುವುದೇ ಸುರಕ್ಷಿತ.