‘ಅಸೆ’ಯನ್ನು ತೋರಿಸದವರು: ಅಕಾನ್ ಕುಲಗಳ ವಲಸೆಕಥನ ಮತ್ತು ಭಾಷೆಯ ಸಾಕ್ಷ್ಯ

ಅಸಾಂತೆ ರಾಜ್ಯವನ್ನು ಕಟ್ಟಿದ ಒಸೆಯಿ ಟುಟು ಮತ್ತು ಅವನ ಪುರೋಹಿತ ಒಕೊಂಫೊ ಅನೊಚೆ ವಿಧಿಸಿದರೆಂದು ಪರಂಪರೆಯು ಹೇಳುವ ಕಟ್ಟಳೆಗಳಲ್ಲಿ ಒಂದು, ಯಾರೂ ಮತ್ತೊಬ್ಬರ ‘ಅಸೆ’ಯನ್ನು ತೋರಿಸಕೂಡದು ಎಂಬುದು. ಟ್ವಿ ಭಾಷೆಯಲ್ಲಿ ‘ಅಸೆ’ ಎಂದರೆ ಬುಡ, ಅಡಿ, ತಳ. ವ್ಯಕ್ತಿಯ ವಿಷಯದಲ್ಲಿ ಅವನ ಹುಟ್ಟಿನ ಮೂಲ. ‘ಚೆರೆ’ ಎಂದರೆ ತೋರಿಸು. ಈ ಎರಡು ಪದಗಳು ಕೂಡಿದಾಗ ದಿನಬಳಕೆಯಲ್ಲಿ ಬರುವ ಅರ್ಥವೇ ಬೇರೆ: ವಿವರಿಸು, ಅರ್ಥ ಹೇಳು. ಮಾತಿನ ಬುಡವನ್ನು ತೋರಿಸುವುದು ವ್ಯಾಖ್ಯಾನ. ಮನುಷ್ಯನ ಬುಡವನ್ನು ತೋರಿಸುವುದು ಅಪರಾಧ. ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂಬ ನಮ್ಮ ಗಾದೆಯಲ್ಲಿಯೂ ಇಂಥದೇ ಒಂದು ಎಚ್ಚರವಿದೆ. ಆದರೆ ಅದು ಗಾದೆ. ಅಸಾಂತೆಯರಲ್ಲಿ ಇದು ರಾಜಶಾಸನದ ಬಲವನ್ನು ಪಡೆದಿತ್ತು.

ಅಕಾನ್ ಜನರ ವಂಶಾವಳಿಯನ್ನೂ ಕುಲಗಳ ವಲಸೆಯನ್ನೂ ಗುರುತಿಸಲು ಹೊರಟವರು ಈ ಕಟ್ಟಳೆಯನ್ನು ಸಾಮಾನ್ಯವಾಗಿ ಒಂದು ಅಡ್ಡಿಯೆಂದು ಉಲ್ಲೇಖಿಸಿ ಮುಂದೆ ಸಾಗುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ಅಡ್ಡಿಯಲ್ಲ, ಸಾಕ್ಷ್ಯ. ಕುಲಕಥನಗಳಲ್ಲಿ ಬರುವ ‘ನಾವು ಇಂಥಲ್ಲಿಂದ ಬಂದವರು’ ಎಂಬ ಮಾತು ನಡೆದ ದಾರಿಯ ದಾಖಲೆಯೋ ಅಥವಾ ಯಾರು ನಮ್ಮವರೆಂಬುದನ್ನು ಗೊತ್ತುಪಡಿಸುವ ನಿಯಮವೋ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಭಾಷೆಯ ಆಧಾರಗಳಿಂದ ಪರಿಶೀಲಿಸುತ್ತೇವೆ.

ಇಂದಿನ ಘಾನಾದ ದಕ್ಷಿಣ ಮತ್ತು ಮಧ್ಯಭಾಗ ಹಾಗೂ ಅದಕ್ಕೆ ತಾಗಿದ ಐವರಿ ಕೋಸ್ಟ್‌ನ ಪೂರ್ವಭಾಗ ಅಕಾನರ ನೆಲೆ. ಅಸಾಂತೆ, ಅಕುವಾಪೆಮ್, ಅಚೆಮ್, ಬೊನೊ, ಫಾಂತೆ ಮೊದಲಾದವು ಅಕಾನ್ ಭಾಷೆಯ ಉಪಭಾಷೆಗಳು. ಅನ್ಯಿ, ಬೌಲೆ, ನ್ಜೆಮಾ ಇವು ಹತ್ತಿರದ ಸಂಬಂಧವುಳ್ಳ ಬಿಯಾ ಗುಂಪಿಗೆ ಸೇರಿದವು. ಈ ಜನರ ಸಾಮಾಜಿಕ ರಚನೆಯ ಕೇಂದ್ರಪದ ‘ಅಬುಸುವಾ’. ಅದು ತಾಯಿಯ ಕಡೆಯಿಂದ ಮಾತ್ರ ಬರುವ ಕುಲ. ಒಂದೇ ತಾಯಿಯ ಸಂತತಿಯ ಚಿಕ್ಕ ಘಟಕಕ್ಕೆ ‘ಯಫುನು’, ಎಂದರೆ ಹೊಟ್ಟೆ ಅಥವಾ ಬಸಿರು, ಎಂಬ ಹೆಸರಿದೆ. ಆಸ್ತಿಯೂ ಅಧಿಕಾರಪೀಠವೂ ‘ವೊಫಾ’ನಿಂದ, ಅಂದರೆ ಸೋದರಮಾವನಿಂದ, ‘ವೊಫಾಸೆ’ಗೆ ಇಳಿಯುತ್ತವೆ. ತುಳುನಾಡಿನ ಅಳಿಯಸಂತಾನವನ್ನೂ ಬರಿಗಳನ್ನೂ ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸದು. ಆದರೆ ಈ ಹೋಲಿಕೆ ರಚನೆಗೆ ಸಂಬಂಧಿಸಿದ್ದು, ಚರಿತ್ರೆಗಲ್ಲ.

ತಾಯಿಯಿಂದ ರಕ್ತ, ತಂದೆಯಿಂದ ಚೈತನ್ಯ ಎಂಬುದು ಅಕಾನರ ನಂಬಿಕೆ. ರಕ್ತಕ್ಕೆ ‘ಮೊಜಾ’ ಎನ್ನುತ್ತಾರೆ. ತಂದೆಯ ಕಡೆಯ ಆಧ್ಯಾತ್ಮಿಕ ಗುಂಪಿಗೆ ಅಸಾಂತೆಯಲ್ಲಿ ‘ನ್ತೊರೊ’ ಎಂಬ ಹೆಸರು. ಮಗುವಿಗೆ ಹೆಸರಿಡುವ ಹಕ್ಕು ತಂದೆಯದು. ಇದರ ಪರಿಣಾಮ ಸಂಶೋಧಕರಿಗೆ ತೊಡಕಿನದು: ಚರ್ಚಿನ ದಾಖಲೆಯಲ್ಲಿ, ಶಾಲೆಯ ಪಟ್ಟಿಯಲ್ಲಿ, ನ್ಯಾಯಾಲಯದ ಕಡತದಲ್ಲಿ ಉಳಿದಿರುವ ಹೆಸರು ತಂದೆಯ ಕಡೆಯನ್ನು ತೋರಿಸುತ್ತದೆಯೇ ಹೊರತು ಅಬುಸುವಾವನ್ನಲ್ಲ. ಕಾಗದದ ಜಾಡು ಒಂದು ಕಡೆಗೆ, ಕುಲದ ಜಾಡು ಮತ್ತೊಂದು ಕಡೆಗೆ.

ಕುಲಗಳ ಪಟ್ಟಿಯನ್ನು ನೋಡೋಣ. ಅಸಾಂತೆಯಲ್ಲಿ ಇಂದು ಎಂಟು ಕುಲಗಳನ್ನು ಎಣಿಸುವುದು ರೂಢಿ: ಓಯೊಕೊ, ಬ್ರೆತುಒ, ಅಗೊನಾ, ಅಸೊನಾ, ಅದುವಾನಾ, ಎಕುವೊನಾ, ಅಸೆನಿಯೆ, ಅಸಾಚಿರಿ. ಫಾಂತೆಯರು ಏಳನ್ನು ಎಣಿಸುತ್ತಾರೆ. ಎರಡೂ ಪಟ್ಟಿಗಳ ನಡುವೆ ಸರಿಜೋಡಿಗಳಿವೆ ಎಂಬುದು ಸರ್ವಸಮ್ಮತ: ಅಸೊನಾ ಮತ್ತು ನ್ಸೊನಾ ಒಂದೇ, ಎಕುವೊನಾ ಮತ್ತು ಕೊನಾ ಒಂದೇ, ಅಗೊನಾ ಮತ್ತು ಅನೊನಾ ಒಂದೇ, ಬ್ರೆತುಒ ಮತ್ತು ಟ್ವಿದಾನ್ ಒಂದೇ. ಆದರೆ ಈ ನಾಲ್ಕು ಜೋಡಿಗಳು ಒಂದೇ ಬಗೆಯವಲ್ಲ. ಮೊದಲ ಎರಡರಲ್ಲಿ ನಾಮಪೂರ್ವಪ್ರತ್ಯಯ ಮಾತ್ರ ಬದಲಾಗಿದೆ. ಅವು ಧ್ವನಿನಿಯಮಕ್ಕೆ ಒಳಪಡುವ ಜ್ಞಾತಿಪದಗಳು. ಕೊನೆಯ ಜೋಡಿಯಲ್ಲಿ ಅಂಥ ಯಾವ ಸಂಬಂಧವೂ ಇಲ್ಲ. ಅಲ್ಲಿ ಎರಡನ್ನೂ ಬೆಸೆದಿರುವುದು ಕುಲಲಾಂಛನವಾದ ಚಿರತೆ. ಅಗೊನಾ ಮತ್ತು ಅನೊನಾಗಳನ್ನು ಗಿಳಿ ಜೋಡಿಸುತ್ತದೆ.

ಈ ಜೋಡಣೆ ಎಷ್ಟು ಹಳೆಯದು? 1817ರಲ್ಲಿ ಕುಮಾಸಿಗೆ ಹೋದ ಬ್ರಿಟಿಷ್ ನಿಯೋಗದ ಥಾಮಸ್ ಎಡ್ವರ್ಡ್ ಬೌಡಿಚ್ 1819ರ ತನ್ನ ಗ್ರಂಥದಲ್ಲಿ ಹನ್ನೆರಡು ಕುಲಗಳ ಹೆಸರು ಕೊಟ್ಟಿದ್ದಾನೆ. ಅವನ ಕಾಗುಣಿತ ವಿಚಿತ್ರವಾದರೂ ಹೆಸರುಗಳನ್ನು ಗುರುತಿಸಬಹುದು. ಆ ಪಟ್ಟಿಯಲ್ಲಿ ಬ್ರೆತುಒ ಮತ್ತು ಟ್ವಿದಾನ್ ಎರಡೂ ಪ್ರತ್ಯೇಕವಾಗಿ ಇವೆ. ಅಗೊನಾ ಮತ್ತು ಅನೊನಾ ಕೂಡ ಪ್ರತ್ಯೇಕವಾಗಿಯೇ ಇವೆ. ಟ್ವಿದಾನ್‌ಗೆ ಅವನು ಚಿರತೆಯ ಅರ್ಥ ಕೊಡುತ್ತಾನೆ. ಬ್ರೆತುಒಗೆ ಕೊಡುವ ಅರ್ಥ ಜೋಳದ ದಂಟು. (ಅವನು ಹೇಳುವುದು ಮೆಕ್ಕೆಜೋಳ. ಅದು ಅಮೆರಿಕದಿಂದ ಬಂದ ಬೆಳೆಯಾದ್ದರಿಂದ ಈ ನಿಷ್ಪತ್ತಿಯನ್ನು ಜನಪದ ವ್ಯುತ್ಪತ್ತಿಯೆಂದೇ ತಿಳಿಯುತ್ತೇವೆ. ಆದರೂ ಅವನಿಗೆ ಮಾಹಿತಿ ಕೊಟ್ಟವರಿಗೆ ಬ್ರೆತುಒ ಎಂದೊಡನೆ ಚಿರತೆ ನೆನಪಾಗಲಿಲ್ಲವೆಂಬುದು ಗಮನಾರ್ಹ.) ಬೌಡಿಚ್ ಕರಾವಳಿಯವರ ಮತ್ತು ಒಳನಾಡಿನವರ ಪಟ್ಟಿಗಳನ್ನು ಬೆರೆಸಿರಬಹುದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆಗಲೂ ಉಳಿಯುವ ಸಂಗತಿ ಒಂದಿದೆ: ಇವೆರಡೂ ಒಂದೇ ಎಂಬ ಸಮೀಕರಣ ಅವನ ಪಟ್ಟಿಯನ್ನು ಮುಟ್ಟಿಲ್ಲ.

ಆದ್ದರಿಂದ ಕುಲಗಳ ಸಮೀಕರಣವನ್ನು ಒಂದು ಮೂಲಕುಲ ಒಡೆದು ದಕ್ಷಿಣಕ್ಕೂ ಉತ್ತರಕ್ಕೂ ಹಂಚಿಹೋದುದರ ಅವಶೇಷವೆಂದು ಓದುವುದು ಎಲ್ಲ ಕಡೆಯೂ ಸಲ್ಲದು. ಪರವೂರಿಗೆ ಬಂದ ವ್ಯಾಪಾರಿಗೆ ಅಲ್ಲಿ ಯಾರ ಮನೆಯಲ್ಲಿ ಇಳಿದುಕೊಳ್ಳಬೇಕು, ಯಾವ ಮನೆಯ ಹೆಣ್ಣನ್ನು ತರಬಾರದು, ಸತ್ತರೆ ಯಾರು ಮಣ್ಣು ಮಾಡಬೇಕು ಎಂಬುದು ತಿಳಿಯಬೇಕಿತ್ತು. ಲಾಂಛನಪ್ರಾಣಿ ಆ ಕೆಲಸವನ್ನು ಮಾಡಿಕೊಡುತ್ತಿತ್ತು. ಅದು ಒಂದು ಬಗೆಯ ಅನುವಾದ ವ್ಯವಸ್ಥೆ, ವಂಶವೃಕ್ಷವಲ್ಲ.

ಇನ್ನು ವಲಸೆಯ ಕಥನಗಳು. ಓಯೊಕೊ ಕುಲದ ಮೂಲಮಾತೆ ಅಂಚೆವಾ ನ್ಯಾಮೆ ಆಕಾಶದಿಂದ ಸರಪಳಿ ಹಿಡಿದು ಇಳಿದಳೆಂಬುದು ಒಂದು ಕಥೆ. ಅಸಾಂತೆಮಾನ್ಸೊ ಎಂಬಲ್ಲಿ ನೆಲದ ಬಿಲದಿಂದ ಪೂರ್ವಜರು ಹೊರಬಂದರೆಂಬುದು ಇನ್ನೊಂದು, ಆರ್. ಎಸ್. ರಾಟ್ರೆ 1923ರಲ್ಲಿ ಅದನ್ನು ಪ್ರಕಟಿಸಿದ. ಫಾಂತೆಯರು ಉತ್ತರದ ಟೆಚಿಮಾನ್‌ನಿಂದ ಒಬುರುಮಾಂಕೊಮಾ, ಒದಾಪಾಜಾನ್, ಒಸೊನ್ ಎಂಬ ಮೂವರು ನಾಯಕರ ಹಿಂದೆ ಮಾಂಕೆಸಿಮ್‌ಗೆ ಬಂದರೆನ್ನುತ್ತಾರೆ. ಈ ಕಥನಗಳಲ್ಲಿ ಮೂಲವನ್ನು ಹೇಳಲು ಬಳಕೆಯಾಗುವ ಕ್ರಿಯಾಪದ ‘ಫಿ’ ಅಥವಾ ‘ಫಿರಿ’. ಮನೆಯಿಂದ ಹೊರಡುವುದಕ್ಕೂ, ಇಂಥ ಊರಿನವನೆಂದು ಹೇಳಿಕೊಳ್ಳುವುದಕ್ಕೂ, ‘ಇಂದ’ ಎಂಬ ನಮ್ಮ ವಿಭಕ್ತಿಯ ಅರ್ಥಕ್ಕೂ ಅದೊಂದೇ ಪದ. ‘ಅದಾನ್ಸೆಯಿಂದ ಫಿರಿ’ ಎಂದ ಹಿರಿಯನು ತನ್ನ ಕುಲದ ಮೊದಲ ನೆಲೆಯನ್ನು ಹೇಳಿರಬಹುದು, ಕೊನೆಗೆ ಬಿಟ್ಟುಬಂದ ಊರನ್ನು ಹೇಳಿರಬಹುದು, ಅಥವಾ ತಾನು ಯಾವ ಪೀಠಕ್ಕೆ ನಿಷ್ಠನೆಂಬುದನ್ನಷ್ಟೇ ಹೇಳಿರಬಹುದು. ಇಂಗ್ಲಿಷಿಗೆ ತಿರುಗಿಸಿದವರು ಬಹುಮಟ್ಟಿಗೆ ಇದನ್ನು ವಲಸೆಯೆಂದೇ ಬರೆದರು.

ಹೀಗೆ ಬರೆದುದು ಬೆಳೆದು ದೊಡ್ಡ ಸಿದ್ಧಾಂತಗಳಾದವು. ಜೆ. ಬಿ. ಡಾಂಕ್ವಾ ಅಕಾನರನ್ನು ಮಧ್ಯಯುಗದ ಘಾನಾ ಸಾಮ್ರಾಜ್ಯಕ್ಕೆ ಜೋಡಿಸಿದರು. 1957ರಲ್ಲಿ ಸ್ವತಂತ್ರವಾದ ಗೋಲ್ಡ್ ಕೋಸ್ಟ್ ಆ ಹೆಸರನ್ನೇ ತಳೆಯಿತು. ಈವಾ ಮೆಯೆರೊವಿಟ್ಜ್ 1952ರಲ್ಲಿ ಸಹಾರಾದ ಕಡೆಗೆ ಬೆರಳು ತೋರಿಸಿದರು. ವಸಾಹತು ಆಳ್ವಿಕೆಯಿಂದ ಬಿಡಿಸಿಕೊಳ್ಳುತ್ತಿದ್ದ ನಾಡಿಗೆ ಪ್ರಾಚೀನ ಸಾಮ್ರಾಜ್ಯದ ಹೆಸರು ಬೇಕಾಗಿದ್ದುದನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ಭಾಷೆ ಆ ಸಂಬಂಧವನ್ನು ಎತ್ತಿಹಿಡಿಯುವುದಿಲ್ಲ. ಹಳೆಯ ಘಾನಾ ಇಂದಿನ ಮಾರಿಟಾನಿಯಾ ಮತ್ತು ಮಾಲಿಗಳ ಭಾಗದಲ್ಲಿತ್ತು. ಅದರ ಜನ ಸೊನಿಂಕೆಯರು, ಅವರ ಭಾಷೆ ಮಾಂದೆ ಕುಟುಂಬದ್ದು. ಅಕಾನ್ ಭಾಷೆಯ ಹತ್ತಿರದ ಬಂಧುಗಳಾದ ಬಿಯಾ ಭಾಷೆಗಳೂ, ಅವುಗಳಿಗಿಂತ ಸ್ವಲ್ಪ ದೂರದ ಗುವಾಂಗ್ ಭಾಷೆಗಳೂ ಇರುವುದು ಘಾನಾ ಮತ್ತು ಐವರಿ ಕೋಸ್ಟ್‌ಗಳ ಅರಣ್ಯ, ಕರಾವಳಿ ಮತ್ತು ವೋಲ್ಟಾ ನದಿಯ ಆಸುಪಾಸಿನಲ್ಲೇ. ಬಂಧುಭಾಷೆಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲಿಯೇ ಕವಲೊಡೆದವೆಂದು ಊಹಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಟ್ವಿಯಲ್ಲಿ ಮಾಂದೆ ಪದಗಳಿವೆ, ನಿಜ. ಐವರ್ ವಿಲ್ಕ್ಸ್ 1962ರಲ್ಲಿ ಅವುಗಳ ಕುರಿತೇ ಬರೆದರು. ಅವು ಎರವಲು ಪದಗಳು. ಬೆಘೊದಂಥ ಪೇಟೆಗಳಲ್ಲಿ ಚಿನ್ನ ಕೊಳ್ಳಲು ಬಂದ ಮಾಂದೆ ವರ್ತಕರ ಜೊತೆಗಿನ ಒಡನಾಟವನ್ನು ಹೇಳುತ್ತವೆ, ರಕ್ತಸಂಬಂಧವನ್ನಲ್ಲ.

ಕರಾವಳಿಯಲ್ಲಿ ಇನ್ನೂ ನೇರವಾದ ಆಧಾರವಿದೆ. 1479–80ರಲ್ಲಿ ಅಲ್ಲಿಗೆ ಬಂದ ಯೂಸ್ತಾಶ್ ದ ಲಾ ಫೋಸ್ ಎಂಬ ವರ್ತಕ ಕೆಲವು ಪದಗಳನ್ನು ಬರೆದಿಟ್ಟ. ನೀರಿಗೆ ‘ಎಂಶು’, ಚಿನ್ನಕ್ಕೆ ‘ಶೊಕ್ವಾ’ ಎಂಬಂಥ ಅವನ ರೂಪಗಳಲ್ಲಿ ಇಂದಿನ ‘ನ್ಸು’, ‘ಸಿಕಾ’ಗಳನ್ನು ಗುರುತಿಸುವುದು ಕಷ್ಟವಲ್ಲ. ಪಿ. ಇ. ಎಚ್. ಹೇರ್ 1967ರಲ್ಲಿ ಗಿನಿ ತೀರದ ಹಳೆಯ ದಾಖಲೆಗಳನ್ನೆಲ್ಲ ಜೋಡಿಸಿ, ಅಲ್ಲಿನ ಭಾಷೆಗಳು ನಾಲ್ಕೈದು ಶತಮಾನಗಳಿಂದ ಬಹುಮಟ್ಟಿಗೆ ಇದ್ದಲ್ಲಿಯೇ ಇವೆಯೆಂದು ತೋರಿಸಿದರು.

ಜನರು ಚಲಿಸಲೇ ಇಲ್ಲವೆಂಬುದು ನಮ್ಮ ವಾದವಲ್ಲ. ಚಲಿಸಿದರು, ಬಹುಪಾಲು ಸಣ್ಣ ಗುಂಪುಗಳಾಗಿ, ಹತ್ತಿರದ ದೂರಗಳಿಗೆ. 1730ರಲ್ಲಿ ಅಕ್ವಾಮು ರಾಜ್ಯ ಕುಸಿದ ಮೇಲೆ ಅಚೆಮ್‌ನ ಅಸೊನಾ ಕುಲದವರು ಅಕುವಾಪೆಮ್ ಬೆಟ್ಟಸಾಲಿಗೆ ಬಂದು ಅಕ್ರೊಪಾಂಗ್‌ನಲ್ಲಿ ಪೀಠ ಸ್ಥಾಪಿಸಿದರು. ಅವರ ಟ್ವಿ ಅಲ್ಲಿ ಅರಮನೆಯ ಭಾಷೆಯಾಯಿತು. ಆದರೆ ಅದೇ ಬೆಟ್ಟದ ಲಾರ್ತೆ ಮತ್ತು ಚೆರೆಪಾಂಗ್ ಊರುಗಳವರು ಇಂದಿಗೂ ಗುವಾಂಗ್ ಭಾಷೆಗಳನ್ನಾಡುತ್ತಾರೆ, ತಂದೆಯ ಕಡೆಯಿಂದ ವಂಶವನ್ನು ಎಣಿಸುತ್ತಾರೆ. ಇನ್ನೊಂದು ನಿದರ್ಶನ ಬೌಲೆಯರದು. 18ನೆಯ ಶತಮಾನದಲ್ಲಿ ಕುಮಾಸಿಯ ಪೀಠಕಲಹದಿಂದ ಪಾರಾಗಿ ಅಬ್ಲಾ ಪೊಕು ಎಂಬ ರಾಣಿ ತನ್ನವರನ್ನು ಪಶ್ಚಿಮಕ್ಕೆ ಕರೆತಂದಳೆಂದೂ, ನದಿ ದಾಟಲು ತನ್ನ ಮಗುವನ್ನೇ ಬಲಿಕೊಟ್ಟಳೆಂದೂ ಅವರ ಕಥೆ. ಆ ಕಥೆಯೊಂದನ್ನೇ ನಂಬಿದರೆ ಬೌಲೆಯರು ಟ್ವಿಯ ಒಂದು ಉಪಭಾಷೆಯನ್ನು ಆಡಬೇಕಿತ್ತು. ಅವರಾಡುವುದು ಅನ್ಯಿಗೆ ಹತ್ತಿರವಾದ ಬಿಯಾ ಭಾಷೆ. ಕಥೆ ಸುಳ್ಳೆಂದು ಇದರಿಂದ ಹೇಳಬೇಕಾಗಿಲ್ಲ. ಕಥೆಯು ಆಳಿದವರದು, ಭಾಷೆಯು ಹೆಚ್ಚಿನವರದು.

ಹಾಗಾದರೆ ಕುಲಗಳು ಹೇಗೆ ಹುಟ್ಟಿದವು? 1970ರ ದಶಕದಲ್ಲಿ ವಿಲ್ಕ್ಸ್ ಮುಂದಿಟ್ಟ ವಾದ ಇಂದಿಗೂ ಚರ್ಚೆಯ ಕೇಂದ್ರದಲ್ಲಿದೆ. 15–16ನೆಯ ಶತಮಾನಗಳಲ್ಲಿ ಅಕಾನ್ ಧನಿಕರು ಚಿನ್ನ ಕೊಟ್ಟು ಗುಲಾಮರನ್ನು ಕೊಂಡರು. ಪೋರ್ಚುಗೀಸರೇ ಬೆನಿನ್ ಮೊದಲಾದ ಕಡೆಗಳಿಂದ ಗುಲಾಮರನ್ನು ತಂದು ಎಲ್ಮಿನಾದಲ್ಲಿ ಮಾರುತ್ತಿದ್ದರು. ಆ ದುಡಿಮೆಯಿಂದ ಮಳೆಕಾಡು ಕಡಿದು ಹೊಲವಾಯಿತು. ಹೀಗೆ ಬಂದ ಪರಕೀಯರನ್ನು ಒಳಗೆ ಸೇರಿಸಿಕೊಳ್ಳುವ ವ್ಯವಸ್ಥೆಯಾಗಿ ಮಾತೃಕುಲಗಳು ರೂಪುಗೊಂಡವು. ಅಸಾಂತೆಮಾನ್ಸೊದಲ್ಲಿ ಪೀಟರ್ ಶಿನ್ನಿ ನಡೆಸಿದ ಉತ್ಖನನ ಅಲ್ಲಿನ ವಸತಿಯನ್ನು ಇದಕ್ಕಿಂತ ಹಲವು ಶತಮಾನ ಹಿಂದಕ್ಕೆ ಒಯ್ದಿತು. ಹೀಗಾಗಿ ವಿಲ್ಕ್ಸ್ ಅವರ ಕಾಲಗಣನೆಯನ್ನು ಇದ್ದಂತೆಯೇ ಒಪ್ಪುವುದು ಕಷ್ಟ. ಆದರೆ ಪರಕೀಯರ ಸೇರ್ಪಡೆಯ ವಾದ ಇದರಿಂದ ಬೀಳುವುದಿಲ್ಲ, ಏಕೆಂದರೆ ಅದಕ್ಕೆ ಭಾಷೆಯೇ ಸಾಕ್ಷಿ. ಟ್ವಿಯಲ್ಲಿ ಅಧೀನರನ್ನು ಸೂಚಿಸುವ ಪದಗಳು ಸೂಕ್ಷ್ಮವಾಗಿ ಕವಲೊಡೆದಿವೆ: ಉತ್ತರದಿಂದ ಕೊಂಡುತಂದವನು ‘ಒದೊಂಕೊ’, ಸಾಲಕ್ಕೆ ಒತ್ತೆಯಿಟ್ಟವನು ‘ಅವೊವಾ’, ಯುದ್ಧದಲ್ಲಿ ಸೆರೆಸಿಕ್ಕವನು ‘ದೊಮ್ಮುಮ್’. ಒದೊಂಕೊ ಹೆಣ್ಣಿನ ಸಂತತಿ ಕೆಲವು ತಲೆಮಾರುಗಳಲ್ಲಿ ಯಜಮಾನನ ಅಬುಸುವಾದಲ್ಲಿ ಕರಗಿಹೋಗುತ್ತಿತ್ತು. ಕರಗಿದ ಮೇಲೆ ಅವರಿಗೊಂದು ಬೇರೆ ಹೆಸರಿರಲಿಲ್ಲ. ‘ಅಸೆ’ಯನ್ನು ತೋರಿಸಬಾರದೆಂಬ ಕಟ್ಟಳೆ ಕಾಪಾಡಿದ್ದು ಈ ಹೆಸರಿಲ್ಲದಿರುವಿಕೆಯನ್ನು.

ಆದರೆ ಮೌನವೆಂದರೆ ಮರೆವಲ್ಲ. ಪೀಠಕ್ಕೆ ಯಾರು ಅರ್ಹರೆಂದು ಹೇಳುವ ಅಧಿಕಾರ ‘ಒಹೆಮಾ’ ಎಂಬ ರಾಜಮಾತೆಯದು; ಯಾವ ಯಫುನು ಎಲ್ಲಿಂದ ಬಂದದ್ದೆಂಬುದು ಅವಳಿಗೆ ಗೊತ್ತಿರಬೇಕು. ಎಲ್ಲರೂ ಒಂದೇ ಎಂಬ ಮಾತು ಹಬ್ಬದ ದಿನಕ್ಕೆ ಸಾಕು; ಪೀಠ ತೆರವಾದ ದಿನ ಹಳೆಯ ಮೂಲ ಮೇಲೆ ಬರುತ್ತದೆ. ಇಂಥ ವ್ಯಾಜ್ಯಗಳಲ್ಲಿ ಈಗ ಮುದ್ರಿತ ಪುಸ್ತಕಗಳೂ ಸಾಕ್ಷಿ ನುಡಿಯುತ್ತವೆ. ರಾಟ್ರೆ 1929ರಲ್ಲಿ ಅಚ್ಚು ಹಾಕಿಸಿದ ಪೀಠಚರಿತ್ರೆಗಳೂ, 1960ರ ದಶಕದಲ್ಲಿ ಲೆಗಾನ್‌ನ ಆಫ್ರಿಕಾ ಅಧ್ಯಯನ ಸಂಸ್ಥೆಗಾಗಿ ಸಂಗ್ರಹಿಸಿದವೂ ಹಿರಿಯರ ಬಾಯಿಗೆ ಮರಳಿ ಹೋಗಿ ಮತ್ತೆ ಮೌಖಿಕ ಪರಂಪರೆಯಾಗಬಲ್ಲವು. ಫಾಂತೆ ಕರಾವಳಿಯಲ್ಲಿ ಇಂಥ ಮರುಹರಿವನ್ನು ಡೇವಿಡ್ ಹೆನಿಗೆ 1973ರಲ್ಲೇ ನಾಲ್ಕು ನಿದರ್ಶನಗಳಿಂದ ವಿವರಿಸಿದ್ದಾರೆ.

ಬರಹಕ್ಕಿಳಿದ ಟ್ವಿಯ ಚರಿತ್ರೆಯೂ ಇಲ್ಲಿ ಮುಖ್ಯ, ಮತ್ತು ಅದು ಕನ್ನಡಕ್ಕೆ ನಂಟುಳ್ಳದ್ದು. ಯೊಹಾನ್ ಗಾಟ್ಲೀಬ್ ಕ್ರಿಸ್ಟಾಲರ್ 1853ರಲ್ಲಿ ಅಕ್ರೊಪಾಂಗ್‌ಗೆ ಹೋದ. ಫರ್ಡಿನೆಂಡ್ ಕಿಟ್ಟೆಲ್ ಅದೇ ವರ್ಷ ನಮ್ಮಲ್ಲಿಗೆ ಬಂದ. ಇಬ್ಬರನ್ನೂ ಕಳುಹಿಸಿದ್ದು ಬಾಸೆಲ್ ಮಿಷನ್. ಕ್ರಿಸ್ಟಾಲರನ ನಿಘಂಟು 1881ರಲ್ಲಿ, ಕಿಟ್ಟೆಲರದು 1894ರಲ್ಲಿ ಹೊರಬಂದವು. ಕ್ರಿಸ್ಟಾಲರ್ ಆಧಾರವಾಗಿ ಹಿಡಿದದ್ದು ಅಕುವಾಪೆಮ್ ಉಪಭಾಷೆಯನ್ನು, ಎಂದರೆ ಸುಮಾರು 120 ವರ್ಷಗಳ ಹಿಂದಷ್ಟೇ ಗುವಾಂಗ್ ನೆಲದಲ್ಲಿ ನೆಲೆಯೂರಿದ ಅರಮನೆಯ ಟ್ವಿಯನ್ನು. ಅಕಾನ್ ಕುಲಪದಗಳ ವ್ಯುತ್ಪತ್ತಿಗೆ ಆ ನಿಘಂಟನ್ನು ತೆರೆಯುವವರು ಈ ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಟ್ಲಾಂಟಿಕ್‌ನ ಆಚೆಯಿಂದ ತಮ್ಮ ಕುಲವನ್ನು ಹುಡುಕಿಕೊಂಡು ಬರುವವರ ಮಾತು ಉಳಿದಿದೆ. ತಾಯಿಯಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯ ಡಿಎನ್‌ಎ ಅಬುಸುವಾದ ದಾರಿಯಲ್ಲೇ ಸಾಗುವುದರಿಂದ, ಆ ಪರೀಕ್ಷೆಯಿಂದ ಕುಲ ತಿಳಿದೀತೆಂಬ ಆಸೆ ಸಹಜ. ಆದರೆ ಒದೊಂಕೊ ಹೆಣ್ಣಿನ ಮೊಮ್ಮಗಳೂ ಓಯೊಕೊ ಆಗಬಲ್ಲ ಕಡೆ ಜೀವಕಣ ಹೇಳುವುದು ಒಂದು, ಕುಲ ಹೇಳುವುದು ಇನ್ನೊಂದು. ಇವರಿಗೆ ಸುರಿನಾಮಿನ ಕಾಡುಗಳು ಬೇರೊಂದು ಬಗೆಯ ಉತ್ತರ ಕೊಡಬಹುದು. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಲ್ಲಿ ಕಟ್ಟಿದ ನ್ಜುಕಾ ಸಮಾಜದಲ್ಲಿ ಮಾತೃಕುಲಗಳಿವೆ. ಅವಕ್ಕೆ ‘ಲೊ’ ಎನ್ನುತ್ತಾರೆ; ಹಲವು ಲೊಗಳ ಹೆಸರು ಮೊದಲ ಪೂರ್ವಜರು ಬಿಟ್ಟೋಡಿದ ತೋಟದಿಂದ ಬಂದದ್ದು. ಲೊದೊಳಗಿನ ಚಿಕ್ಕ ಘಟಕದ ಹೆಸರು ‘ಬೆಎ’. ಪದ ಬಂದದ್ದು ಇಂಗ್ಲಿಷಿನಿಂದ, ಅರ್ಥ ಹೊಟ್ಟೆ. ಯಫುನುವಿನ ಅರ್ಥವೂ ಅದೇ. ಅಕಾನರಲ್ಲದೆ ಬೇರೆ ಆಫ್ರಿಕನ್ನರೂ ಆ ತೋಟಗಳಲ್ಲಿದ್ದುದರಿಂದ ಇದನ್ನು ಟ್ವಿಯ ನೇರ ಪಡಿಯಚ್ಚೆಂದು ನಾವು ಸಾಧಿಸಲಾರೆವು. ಬೇರೆ ಬೇರೆ ತಾಯಂದಿರ, ಬೇರೆ ಬೇರೆ ಭಾಷೆಗಳ ಜನ ಕಾಡಿನೊಳಗೆ ಒಂದೇ ಹೊಟ್ಟೆಯವರಾದದ್ದು ಮಾತ್ರ ಅಲ್ಲಿ ದಾಖಲೆಯಲ್ಲಿದೆ, ತೋಟಗಳ ಹೆಸರಿನ ಸಮೇತ.